ಅಮೆರಿಕದ ಅಧ್ಯಕ್ಷರ ಜೀವನಚರಿತ್ರೆ ಆರಿಸುವುದು ಹೇಗೆ?

ವಾಷಿಂಗ್ಟನ್ ನಗರದಲ್ಲಿ ಅಬ್ರಹಾಂ ಲಿಂಕನ್ ಅವರಿಗೆ ಗುಂಡೇಟು ಬಿದ್ದ ಫೋರ್ಡ್ಸ್ ಥಿಯೇಟರ್‌ನ ಎದುರು ಬದಿಯ ಕಟ್ಟಡದಲ್ಲಿ ಪುಸ್ತಕಗಳ ಗೋಪುರವೊಂದಿದೆ. ಲಿಂಕನ್ ಕುರಿತ ಪುಸ್ತಕಗಳ ಮಾದರಿಗಳನ್ನು ಒಂದರ ಮೇಲೊಂದು ಪೇರಿಸಿ ಸುಮಾರು 34 ಅಡಿ ಎತ್ತರಕ್ಕೆ, ಅಂದರೆ ಮೂರು ಅಂತಸ್ತಿನಷ್ಟು, ಕಟ್ಟಿದ್ದಾರೆ. ಅವರೊಬ್ಬರ ಬಗ್ಗೆಯೇ ಇದುವರೆಗೆ 15,000ಕ್ಕೂ ಹೆಚ್ಚು ಪುಸ್ತಕಗಳು ಬಂದಿವೆ ಎಂಬುದು ಸಾಮಾನ್ಯ ಅಂದಾಜು. ವಾಷಿಂಗ್ಟನ್, ಜೆಫರ್ಸನ್, ಇಬ್ಬರು ರೂಸ್‌ವೆಲ್ಟ್‌ಗಳು, ಕೆನಡಿ ಇವರ ಕಪಾಟುಗಳೂ ಸಣ್ಣವಲ್ಲ.

ಇಷ್ಟರಲ್ಲಿ ಒಂದನ್ನು ಆರಿಸುವುದು ಹೇಗೆ? ಅಧ್ಯಕ್ಷರ ಜೀವನಚರಿತ್ರೆ ಎಂದರೆ ಸಾಮಾನ್ಯವಾಗಿ ಏಳೆಂಟು ನೂರು ಪುಟ. ಕೆಲಸ, ಮನೆ ನೋಡಿಕೊಂಡು ಓದುವವರಿಗೆ ಅದು ತಿಂಗಳುಗಟ್ಟಲೆಯ ಸಂಜೆಗಳು. ತಪ್ಪು ಪುಸ್ತಕ ಕೈಗೆ ಬಂದರೆ ಅಷ್ಟೂ ಸಮಯ ಕಳೆದು, ಒಬ್ಬ ಮನುಷ್ಯನ ಬಗ್ಗೆ ತಪ್ಪು ಚಿತ್ರ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದುಬಿಡುತ್ತದೆ. ಹಾಗಾಗಿ ಆಯ್ಕೆಗೆ ಒಂದೆರಡು ಗಂಟೆ ಕೊಡುವುದು ಲಾಭವೇ. ಕೆಳಗಿನ ಹೆಜ್ಜೆಗಳ ಹಿಂದೆ ಇರುವುದು ಒಂದೇ ಪ್ರಶ್ನೆ: ಈ ಲೇಖಕರು ಯಾರ ಮಾತನ್ನು ನಂಬಿದ್ದಾರೆ, ಯಾಕೆ ನಂಬಿದ್ದಾರೆ?

ಮೊದಲು, ನಾವು ಈಗಾಗಲೇ ನಂಬಿರುವುದನ್ನು ಪರೀಕ್ಷಿಸಿಕೊಳ್ಳಿ

ಕನ್ನಡದ ಓದುಗರಿಗೆ ಲಿಂಕನ್ ಹೊಸಬರಲ್ಲ. ಮಗನ ಶಿಕ್ಷಕರಿಗೆ ಅವರು ಬರೆದರೆನ್ನಲಾದ ಪತ್ರ ನಮ್ಮ ಎಷ್ಟೋ ಶಾಲೆಗಳ ಗೋಡೆಯ ಮೇಲಿದೆ, ಶಿಕ್ಷಕರ ದಿನಾಚರಣೆಯ ಭಾಷಣಗಳಲ್ಲಿದೆ, ಪ್ರತಿವರ್ಷ ವಾಟ್ಸ್ಆ್ಯಪ್‌ನಲ್ಲೂ ಬರುತ್ತದೆ. ಒಳ್ಳೆಯ ಮಾತುಗಳು, ನಿಜ. ಆದರೆ ಅದನ್ನು ಲಿಂಕನ್ ಬರೆದರು ಎನ್ನಲು ಯಾವ ಆಧಾರವೂ ಇಲ್ಲ. ರಾಯ್ ಬ್ಯಾಸ್ಲರ್ ಸಂಪಾದಿಸಿ 1953ರಲ್ಲಿ ಎಂಟು ಸಂಪುಟಗಳಲ್ಲಿ ಪ್ರಕಟವಾದ ಲಿಂಕನ್ ಸಮಗ್ರ ಬರಹಗಳಲ್ಲಿ ಅದು ಇಲ್ಲ. ಆ ಸಂಪುಟಗಳನ್ನು ಮಿಷಿಗನ್ ವಿಶ್ವವಿದ್ಯಾಲಯ ಇಂಟರ್ನೆಟ್‌ನಲ್ಲಿ ಉಚಿತವಾಗಿ ಇಟ್ಟಿದೆ, ಪದ ಹಾಕಿ ಹುಡುಕಬಹುದು. ನೀವೇ ನೋಡಿ.

ಲಿಂಕನ್ ಸೋಲುಗಳ ಪಟ್ಟಿಯದ್ದೂ ಇದೇ ಕಥೆ. 1832ರಲ್ಲಿ ಚುನಾವಣೆ ಸೋತರು, ಅಂಗಡಿ ಮುಳುಗಿತು, 1858ರಲ್ಲಿ ಸೆನೆಟ್‌ಗೆ ಹೋಗಲಾಗಲಿಲ್ಲ, ಕೊನೆಗೆ ಅಧ್ಯಕ್ಷರಾದರು ಎಂದು ಅದು ಸಾಗುತ್ತದೆ. ಹೇಳಿದ್ದರಲ್ಲಿ ಬಹಳಷ್ಟು ನಿಜ, ಬಿಟ್ಟದ್ದರಲ್ಲಿ ಮೋಸವಿದೆ. 1834ರಿಂದ ಸತತ ನಾಲ್ಕು ಬಾರಿ ಅವರು ಇಲಿನಾಯ್ ಶಾಸನಸಭೆಗೆ ಗೆದ್ದರು, 1847ರಿಂದ 1849ರವರೆಗೆ ವಾಷಿಂಗ್ಟನ್‌ನಲ್ಲಿ ಕಾಂಗ್ರೆಸ್ ಸದಸ್ಯರಾಗಿದ್ದರು, ರೈಲ್ವೆ ಕಂಪನಿಯ ಮೊಕದ್ದಮೆಗಳನ್ನು ನಡೆಸಿದ ಯಶಸ್ವಿ ವಕೀಲರಾಗಿದ್ದರು. ಪಟ್ಟಿಯಲ್ಲಿ ಇವುಗಳಲ್ಲಿ ಹೆಚ್ಚಿನವು ಇರುವುದಿಲ್ಲ.

ಲಿಂಕನ್ ಬಗ್ಗೆ ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಸಿಕ್ಕ ಪುಸ್ತಕದಲ್ಲಿ ಆ ಪತ್ರವನ್ನು ಲಿಂಕನ್ ಬರೆದದ್ದೆಂದೇ ಅಚ್ಚು ಹಾಕಿದ್ದರೆ, ಲೇಖಕರು ಮೂಲ ನೋಡುವ ಕಷ್ಟ ತೆಗೆದುಕೊಂಡಿಲ್ಲ ಎಂದರ್ಥ. ಅಲ್ಲಿಗೆ ಪುಸ್ತಕ ಕೆಳಗಿಡಬಹುದು. ಜಾರ್ಜ್ ವಾಷಿಂಗ್ಟನ್ ವಿಷಯದಲ್ಲಿ ಇದೇ ಕೆಲಸವನ್ನು ಚೆರ್ರಿ ಮರ ಕಡಿದ ಬಾಲಕನ ಕಥೆ ಮಾಡುತ್ತದೆ. ವಾಷಿಂಗ್ಟನ್ ತೀರಿಕೊಂಡ ಮೇಲೆ ಮೇಸನ್ ವೀಮ್ಸ್ ಎಂಬ ಪಾದ್ರಿ ಬರೆದ ಜೀವನಚರಿತ್ರೆಯ 1806ರ ಆವೃತ್ತಿಯಲ್ಲಿ ಅದು ಕಾಣಿಸಿಕೊಂಡಿತು. ಅದಕ್ಕೂ ಹಿಂದಿನ ಆಧಾರ ಇಲ್ಲ.

ಅಧ್ಯಕ್ಷರನ್ನು ಆರಿಸುವ ಮೊದಲು ಪ್ರಶ್ನೆಯನ್ನು ಆರಿಸಿ

‘ಲಿಂಕನ್ ಬಗ್ಗೆ ಒಳ್ಳೆಯ ಪುಸ್ತಕ ಯಾವುದು?’ ಎಂದು ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ, ಹತ್ತೂ ಸರಿಯಿರಬಹುದು. ನಿಮಗೆ ಏನು ತಿಳಿಯಬೇಕು ಎಂಬುದರ ಮೇಲೆ ಉತ್ತರ ನಿಂತಿದೆ.

ಹುಟ್ಟಿನಿಂದ ಸಾವಿನವರೆಗಿನ ಇಡೀ ಬದುಕು ಒಂದೇ ಸಂಪುಟದಲ್ಲಿ ಬೇಕಿದ್ದರೆ ಡೇವಿಡ್ ಹರ್ಬರ್ಟ್ ಡೊನಾಲ್ಡ್ 1995ರಲ್ಲಿ ಬರೆದ ‘ಲಿಂಕನ್’ ಹಿಡಿಯಿರಿ. ಎದುರಾಳಿಗಳನ್ನೇ ಮಂತ್ರಿಗಳನ್ನಾಗಿ ಮಾಡಿಕೊಂಡು ಅಂತರ್ಯುದ್ಧದ ಕಾಲದಲ್ಲಿ ಸರ್ಕಾರ ನಡೆಸಿದ್ದು ಹೇಗೆ ಎಂಬ ಕುತೂಹಲವಿದ್ದರೆ ಡೋರಿಸ್ ಕೀರ್ನ್ಸ್ ಗುಡ್‌ವಿನ್ ಅವರ ‘ಟೀಮ್ ಆಫ್ ರೈವಲ್ಸ್’ (2005) ಇದೆ. ಅದು ಒಬ್ಬರ ಚರಿತ್ರೆಯಷ್ಟೇ ಅಲ್ಲ, ನಾಲ್ಕೈದು ರಾಜಕಾರಣಿಗಳ ಬದುಕುಗಳನ್ನು ಒಟ್ಟಿಗೆ ಹೆಣೆದ ಕೃತಿ. ಗುಲಾಮಗಿರಿಯ ಬಗ್ಗೆ ಲಿಂಕನ್ ನಿಲುವು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಎನ್ನುವುದೇ ನಿಮ್ಮ ಪ್ರಶ್ನೆಯಾದರೆ ಎರಿಕ್ ಫೋನರ್ ಅವರ ‘ದಿ ಫಿಯರಿ ಟ್ರಯಲ್’ (2010) ಸಾಕು. ಅದರಲ್ಲಿ ಲಿಂಕನ್ ಅವರ ಸಂಸಾರದ ಕಥೆ ಹುಡುಕಬೇಡಿ.

ಭಾರತದ ಓದುಗರಿಗೆ ಇಲ್ಲೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಅನೇಕರು ನಿಕ್ಸನ್ ಬಗ್ಗೆ ಓದಲು ಹೊರಡುವುದು 1971ರ ಬಾಂಗ್ಲಾ ಯುದ್ಧದ ಕಾರಣಕ್ಕೆ, ಲಿಂಡನ್ ಜಾನ್ಸನ್ ಬಗ್ಗೆ ಓದಲು ಹೊರಡುವುದು ಅಮೆರಿಕ ನೆರವಾಗಿ ಕಳಿಸುತ್ತಿದ್ದ ಪಿಎಲ್-480 ಗೋಧಿಯ ಕಾರಣಕ್ಕೆ, ಕೆನಡಿಯ ಬಗ್ಗೆ 1962ರ ಚೀನಾ ಯುದ್ಧದ ಕಾರಣಕ್ಕೆ. ಆದರೆ ಅಮೆರಿಕದ ಓದುಗರಿಗಾಗಿ ಬರೆದ ಜೀವನಚರಿತ್ರೆಗಳಲ್ಲಿ ಈ ವಿಷಯಗಳಿಗೆ ಸಿಗುವುದು ಕೆಲವೇ ಪುಟ. ಅಷ್ಟಕ್ಕಾಗಿ 700 ಪುಟ ಓದಿ ನಿರಾಶರಾಗುವ ಬದಲು ಆ ಘಟನೆಯ ಮೇಲೆಯೇ ಬಂದ ಪುಸ್ತಕ ತೆಗೆದುಕೊಳ್ಳಿ. 1971ಕ್ಕೆ ಗ್ಯಾರಿ ಬಾಸ್ ಅವರ ‘ದಿ ಬ್ಲಡ್ ಟೆಲಿಗ್ರಾಮ್’ (2013), 1962ಕ್ಕೆ ಬ್ರೂಸ್ ರೀಡೆಲ್ ಅವರ ‘ಜೆಎಫ್‌ಕೆಸ್ ಫಾರ್ಗಾಟನ್ ಕ್ರೈಸಿಸ್’ (2015). ಢಾಕಾದಲ್ಲಿದ್ದ ಅಮೆರಿಕದ ರಾಯಭಾರ ಅಧಿಕಾರಿ ಆರ್ಚರ್ ಬ್ಲಡ್ ಕಳಿಸಿದ ತಂತಿಗಳನ್ನೂ ಶ್ವೇತಭವನದಲ್ಲಿ ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಆಡಿದ ಮಾತುಗಳ ಧ್ವನಿಮುದ್ರಿಕೆಗಳನ್ನೂ ಅಕ್ಕಪಕ್ಕ ಇಟ್ಟು ಬಾಸ್ ಬರೆದಿದ್ದಾರೆ. ಅದನ್ನು ಓದಿದ ಮೇಲೆ ನಿಕ್ಸನ್ ಅವರ ಪೂರ್ಣ ಚರಿತ್ರೆಗೆ ಹೋದರೆ ಓದಿನ ತೂಕವೇ ಬೇರೆ.

ಪುಸ್ತಕ ಬಂದ ವರ್ಷ, ಕಾಗದಗಳು ತೆರೆದ ವರ್ಷ

ಇದನ್ನು ಬಹಳ ಜನ ನೋಡುವುದಿಲ್ಲ. ಅಧ್ಯಕ್ಷರು ತೀರಿಕೊಂಡ ತಕ್ಷಣ ಅವರ ಪತ್ರ, ದಿನಚರಿ, ವೈದ್ಯಕೀಯ ದಾಖಲೆಗಳು ಎಲ್ಲರಿಗೂ ಸಿಗುವುದಿಲ್ಲ. ಕುಟುಂಬ ತಡೆಯುತ್ತದೆ, ಕಾನೂನು ತಡೆಯುತ್ತದೆ. ಲಿಂಕನ್ ಕಾಗದಪತ್ರಗಳನ್ನು ಮಗ ರಾಬರ್ಟ್ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು, ಆದರೆ ತಾವು ಸತ್ತು 21 ವರ್ಷವಾಗುವವರೆಗೆ ತೆರೆಯಕೂಡದೆಂದು ಷರತ್ತು ಹಾಕಿದರು. ರಾಬರ್ಟ್ ಸತ್ತದ್ದು 1926ರಲ್ಲಿ, ಕಾಗದಗಳು ತೆರೆದದ್ದು 1947ರಲ್ಲಿ. ಕವಿ ಕಾರ್ಲ್ ಸ್ಯಾಂಡ್‌ಬರ್ಗ್ ಅವರ ಹೆಸರಾಂತ ಆರು ಸಂಪುಟಗಳು ಮುಗಿದದ್ದು 1939ರಲ್ಲಿ. ಅಂದರೆ ಆ ಕವಿ ಲಿಂಕನ್ ಬದುಕನ್ನು ಬರೆದು ಮುಗಿಸಿದಾಗ ಆ ಪೆಟ್ಟಿಗೆಗಳಿಗೆ ಇನ್ನೂ ಬೀಗವಿತ್ತು.

ಅಧ್ಯಕ್ಷ ವಾರನ್ ಹಾರ್ಡಿಂಗ್ ಪ್ರೇಯಸಿಗೆ ಬರೆದ ಪತ್ರಗಳ ಕಥೆ ಇನ್ನೂ ವಿಚಿತ್ರ. 1960ರ ದಶಕದಲ್ಲಿ ಅವು ಫ್ರಾನ್ಸಿಸ್ ರಸೆಲ್ ಎಂಬ ಲೇಖಕರ ಕಣ್ಣಿಗೆ ಬಿದ್ದವು. ಕುಟುಂಬದವರು ನ್ಯಾಯಾಲಯಕ್ಕೆ ಹೋದರು. ಕೊನೆಗೆ 1968ರಲ್ಲಿ ರಸೆಲ್ ಅವರ ಪುಸ್ತಕ ಬಂದಾಗ ಪತ್ರದ ಸಾಲುಗಳಿರಬೇಕಾದ ಕಡೆ ಬರೀ ಗೆರೆಗಳಿದ್ದವು. ಆ ಪತ್ರಗಳು ಸಾರ್ವಜನಿಕರಿಗೆ ಸಿಕ್ಕಿದ್ದು 2014ರಲ್ಲಿ. ಕೆನಡಿಯವರ ವೈದ್ಯಕೀಯ ಕಡತಗಳನ್ನು ಬಹುಕಾಲ ಮುಚ್ಚಿಡಲಾಗಿತ್ತು. ರಾಬರ್ಟ್ ಡ್ಯಾಲೆಕ್ ಅವರಿಗೆ ನೋಡಲು ಅನುಮತಿ ಸಿಕ್ಕಿ 2003ರಲ್ಲಿ ‘ಆ್ಯನ್ ಅನ್‌ಫಿನಿಶ್ಡ್ ಲೈಫ್’ ಬಂದಾಗಲೇ, ಆ ತರುಣ ಅಧ್ಯಕ್ಷರು ಅಡಿಸನ್ ಕಾಯಿಲೆ, ಬೆನ್ನುನೋವು, ರಾಶಿ ಮಾತ್ರೆಗಳ ನಡುವೆ ದಿನ ದೂಡುತ್ತಿದ್ದುದು ಎಷ್ಟರಮಟ್ಟಿಗೆ ಎಂದು ಓದುಗರಿಗೆ ಗೊತ್ತಾದದ್ದು. ಜಾನ್ ಫಾರೆಲ್ ಅವರ ‘ರಿಚರ್ಡ್ ನಿಕ್ಸನ್: ದಿ ಲೈಫ್’ (2017) ಮುಖ್ಯವಾಗುವುದೂ ಇಂಥದ್ದೇ ಕಾರಣಕ್ಕೆ. 1968ರ ಚುನಾವಣೆಗೆ ಮುನ್ನ ವಿಯೆಟ್ನಾಂ ಶಾಂತಿ ಮಾತುಕತೆಗೆ ಅಡ್ಡಗಾಲು ಹಾಕುವ ದಾರಿ ನೋಡಿ ಎಂದು ನಿಕ್ಸನ್ ಸೂಚಿಸಿದ್ದು ಅವರ ಆಪ್ತ ಹಾಲ್ಡೆಮನ್ ಅವರ ಕೈಬರಹದ ಟಿಪ್ಪಣಿಯಲ್ಲಿರುವುದನ್ನು ಫಾರೆಲ್ ಪತ್ತೆ ಮಾಡಿದರು. ಬದುಕಿರುವವರೆಗೂ ನಿಕ್ಸನ್ ಅದನ್ನು ನಿರಾಕರಿಸಿದ್ದರು.

ಹಾಗಾಗಿ ಪುಸ್ತಕದ ಹಿಂಬದಿಯ ಹೊಗಳಿಕೆ ಓದುವ ಮೊದಲು ಒಳಪುಟದ ಮೊದಲ ಮುದ್ರಣದ ವರ್ಷ ನೋಡಿ. ಹೊಸ ಮುಖಪುಟ ಹಾಕಿ 50 ವರ್ಷ ಹಳೆಯದನ್ನು ಮಾರುವುದುಂಟು. ಆಮೇಲೆ ಮುನ್ನುಡಿಯಲ್ಲಿ ‘ಈ ಪುಸ್ತಕಕ್ಕಾಗಿ ಹೊಸದಾಗಿ ಸಿಕ್ಕಿದ ದಾಖಲೆ ಯಾವುದು’ ಎಂಬುದಕ್ಕೆ ಉತ್ತರ ಇದೆಯೇ ನೋಡಿ.

ಇದರ ಇನ್ನೊಂದು ಪರಿಣಾಮ, ಇತ್ತೀಚಿನ ಅಧ್ಯಕ್ಷರ ಪೂರ್ಣ ಜೀವನಚರಿತ್ರೆ ಎಂದು ಮಾರುವ ಪುಸ್ತಕಗಳ ಬಗ್ಗೆ ಎಚ್ಚರ ಬೇಕು. 1978ರ ಅಧ್ಯಕ್ಷೀಯ ದಾಖಲೆಗಳ ಕಾಯ್ದೆಯ ಪ್ರಕಾರ ಅಧಿಕಾರ ಬಿಟ್ಟು ಐದು ವರ್ಷದ ನಂತರವೇ ಸಾರ್ವಜನಿಕರು ಕಾಗದಪತ್ರ ಕೇಳಬಹುದು, ಕೆಲವು ಬಗೆಯ ದಾಖಲೆಗಳನ್ನು 12 ವರ್ಷದವರೆಗೆ ತಡೆಹಿಡಿಯಬಹುದು. ಅಲ್ಲಿಯವರೆಗೆ ಬರುವುದೆಲ್ಲ ಹೆಚ್ಚಾಗಿ ಪತ್ರಕರ್ತರ ಸಂದರ್ಶನಗಳ ಮೇಲೆ ನಿಂತವು. ಅವು ಉಪಯುಕ್ತ, ಆದರೆ ಅಂತಿಮ ಅಲ್ಲ.

ಹೊಸದೆಲ್ಲ ಹಳೆಯದಕ್ಕಿಂತ ಮೇಲು ಎಂದು ಇದರ ಅರ್ಥವಲ್ಲ. ಲಿಂಕನ್ ಅವರ ವಕೀಲಿ ಪಾಲುದಾರ ವಿಲಿಯಂ ಹರ್ನ್‌ಡನ್, ಲಿಂಕನ್ ಸತ್ತ ಕೂಡಲೇ ಅವರನ್ನು ಬಾಲ್ಯದಿಂದ ಬಲ್ಲ ನೆರೆಹೊರೆಯವರನ್ನೆಲ್ಲ ಹುಡುಕಿ ಮಾತಾಡಿಸಿ ಬರೆದುಕೊಂಡರು. 1889ರಲ್ಲಿ ಬಂದ ಅವರ ಪುಸ್ತಕದಲ್ಲಿ ಅನುಮಾನ ಪಡಬೇಕಾದ್ದು ಬೇಕಾದಷ್ಟಿದೆ. ಆದರೂ ಆ ಸಾಕ್ಷಿಗಳನ್ನು ಮುಟ್ಟದೆ ಇಂದಿಗೂ ಯಾರೂ ಲಿಂಕನ್ ಬಾಲ್ಯವನ್ನು ಬರೆಯಲಾರರು.

ಬರೆದವರು ಯಾರು, ಅವರಿಗೇನು ಸಂಬಂಧ?

1852ರಲ್ಲಿ ಫ್ರಾಂಕ್ಲಿನ್ ಪಿಯರ್ಸ್ ಅಧ್ಯಕ್ಷಗಿರಿಗೆ ನಿಂತಾಗ ಅವರ ಜೀವನಚರಿತ್ರೆ ಬರೆದವರು ಕಾಲೇಜಿನ ಗೆಳೆಯ, ಕಾದಂಬರಿಕಾರ ನಥಾನಿಯಲ್ ಹಾಥಾರ್ನ್. ಪಿಯರ್ಸ್ ಗೆದ್ದರು, ಹಾಥಾರ್ನ್ ಲಿವರ್‌ಪೂಲ್‌ನಲ್ಲಿ ಅಮೆರಿಕದ ಕಾನ್ಸುಲ್ ಆದರು. 1860ರಲ್ಲಿ ಲಿಂಕನ್ ಪ್ರಚಾರಕ್ಕೆ ಚರಿತ್ರೆ ಬರೆದ ತರುಣ ವಿಲಿಯಂ ಡೀನ್ ಹವೆಲ್ಸ್ ಅವರಿಗೆ ವೆನಿಸ್‌ನಲ್ಲಿ ಅದೇ ಹುದ್ದೆ ಸಿಕ್ಕಿತು. ಚುನಾವಣೆ ಹೊತ್ತಿನ ಜೀವನಚರಿತ್ರೆ ಜಾಹೀರಾತು. ಈಗಲೂ ಅಷ್ಟೇ. ಅಭ್ಯರ್ಥಿಯಾಗುವ ಹೊಸ್ತಿಲಲ್ಲಿ ಬರುವ ಆತ್ಮಕಥೆಗಳನ್ನೂ ಅದೇ ಸಾಲಿಗೆ ಸೇರಿಸಿ.

ಹತ್ತಿರದವರು ಬರೆದದ್ದಕ್ಕೆ ಬೇರೆ ಬಗೆಯ ಬೆಲೆ ಇದೆ. ಲಿಂಕನ್ ಅವರ ಇಬ್ಬರು ಕಾರ್ಯದರ್ಶಿಗಳಾದ ನಿಕೊಲೆ ಮತ್ತು ಹೇ 1890ರಲ್ಲಿ ಹತ್ತು ಸಂಪುಟ ತಂದರು. ರಾಬರ್ಟ್ ಲಿಂಕನ್ ತಂದೆಯ ಕಾಗದಗಳನ್ನು ಅವರಿಗೆ ಮಾತ್ರ ಕೊಟ್ಟರು, ಪ್ರತಿಯಾಗಿ ಕರಡನ್ನು ತಾವು ನೋಡಿದರು. ಕೆನಡಿ ಸತ್ತ ಎರಡು ವರ್ಷದೊಳಗೆ ಅವರ ಸಹಾಯಕರಾಗಿದ್ದ ಆರ್ಥರ್ ಶ್ಲೆಸಿಂಜರ್ ಮತ್ತು ಟೆಡ್ ಸೊರೆನ್ಸನ್ ದೊಡ್ಡ ಪುಸ್ತಕಗಳನ್ನು ಬರೆದರು, ಶ್ಲೆಸಿಂಜರ್ ಅವರಿಗೆ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಕೂಡ ಬಂತು. ಇವೆಲ್ಲವನ್ನೂ ಸಾಕ್ಷಿಯ ಹೇಳಿಕೆಯಾಗಿ ಓದಬೇಕು, ತೀರ್ಪಾಗಿ ಅಲ್ಲ. ಮೊದಲ ಪುಸ್ತಕವಾಗಿ ಇವುಗಳನ್ನು ನಾನು ಯಾರಿಗೂ ಹೇಳುವುದಿಲ್ಲ.

ಹೆಸರಾಂತ ಇತಿಹಾಸಕಾರ ಎಂಬ ಒಂದೇ ಕಾರಣಕ್ಕೆ ನಂಬುವುದೂ ಸಾಲದು. ಐಸೆನ್‌ಹೋವರ್ ಅವರೊಂದಿಗೆ ನೂರಾರು ಗಂಟೆ ಕೂತು ಮಾತಾಡಿದ್ದೇನೆ ಎಂದು ಸ್ಟೀಫನ್ ಆಂಬ್ರೋಸ್ ಹೇಳಿಕೊಳ್ಳುತ್ತಿದ್ದರು. ಆಂಬ್ರೋಸ್ ತೀರಿಕೊಂಡ ಮೇಲೆ, 2010ರಲ್ಲಿ, ಐಸೆನ್‌ಹೋವರ್ ಗ್ರಂಥಾಲಯದ ಭೇಟಿ ದಾಖಲೆ ನೋಡಿದರೆ ಅವರಿಬ್ಬರು ಭೇಟಿಯಾದದ್ದು ಮೂರೇ ಬಾರಿ, ಒಟ್ಟು ಐದು ಗಂಟೆಗೂ ಕಡಿಮೆ. ಎಡ್ಮಂಡ್ ಮಾರಿಸ್ ಕಥೆ ಬೇರೆ. ಥಿಯೊಡರ್ ರೂಸ್‌ವೆಲ್ಟ್ ಬಗ್ಗೆ ಅವರು ಬರೆದ ಮೊದಲ ಸಂಪುಟ (1979) ಈ ಪ್ರಕಾರದ ಅತ್ಯುತ್ತಮ ಪುಸ್ತಕಗಳಲ್ಲೊಂದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ ಮಾರಿಸ್ ಅವರನ್ನು ರೇಗನ್ ತಮ್ಮ ಅಧಿಕೃತ ಜೀವನಚರಿತ್ರಕಾರರನ್ನಾಗಿ ಮಾಡಿಕೊಂಡು ಹತ್ತಿರ ಬಿಟ್ಟುಕೊಂಡರು. 1999ರಲ್ಲಿ ಬಂದ ‘ಡಚ್’ ಪುಸ್ತಕದಲ್ಲಿ ಮಾರಿಸ್ ಒಂದು ಕಾಲ್ಪನಿಕ ನಿರೂಪಕನನ್ನು ಸೃಷ್ಟಿಸಿ, ಅವನು ರೇಗನ್‌ರನ್ನು ಯೌವನದಿಂದ ಕಂಡವನೆಂಬಂತೆ ಬರೆದರು. ನಿಜ ಎಲ್ಲಿ ಮುಗಿಯಿತು, ಕಲ್ಪನೆ ಎಲ್ಲಿ ಶುರುವಾಯಿತು ಎಂದು ಓದುಗ ತಡಕಾಡಬೇಕಾದ ಪುಸ್ತಕವನ್ನು ಜೀವನಚರಿತ್ರೆಯಾಗಿ ನಂಬುವುದು ಕಷ್ಟ.

ಅತಿ ಕಷ್ಟದ ಪ್ರಶ್ನೆಯನ್ನು ಪದಸೂಚಿಯಲ್ಲಿ ಹುಡುಕಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಪ್ರತಿ ಅಧ್ಯಕ್ಷರ ಬದುಕಿನಲ್ಲೂ ಅಭಿಮಾನಿ ಲೇಖಕರು ಬೇಗ ದಾಟಿಕೊಂಡು ಹೋಗಲು ನೋಡುವ ಒಂದು ಜಾಗ ಇರುತ್ತದೆ. ಪುಸ್ತಕ ಕೊಳ್ಳುವ ಮೊದಲು ಕೊನೆಯ ಪದಸೂಚಿ ತೆರೆದು ಆ ಜಾಗ ಹುಡುಕಿ. ಎಷ್ಟು ಪುಟ ಇದೆ, ಅಲ್ಲಿ ಯಾರು ಮಾತಾಡುತ್ತಾರೆ, ನೋಡಿ.

ಜೆಫರ್ಸನ್ ಅವರನ್ನೇ ತೆಗೆದುಕೊಳ್ಳಿ. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆಂಬ ಸಾಲು ಬರೆದವರು, ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವರು. ಅವರಲ್ಲಿ ಒಬ್ಬರು ಸ್ಯಾಲಿ ಹೆಮಿಂಗ್ಸ್. ಅವರಿಗೆ ಜೆಫರ್ಸನ್‌ರಿಂದ ಮಕ್ಕಳಾಗಿವೆ ಎಂದು 1802ರಲ್ಲೇ ಜೇಮ್ಸ್ ಕ್ಯಾಲೆಂಡರ್ ಎಂಬ ಪತ್ರಕರ್ತ ಅಚ್ಚು ಹಾಕಿದ್ದ. 1873ರಲ್ಲಿ ಸ್ಯಾಲಿಯ ಮಗ ಮ್ಯಾಡಿಸನ್ ಹೆಮಿಂಗ್ಸ್ ಓಹಾಯೊದ ಪತ್ರಿಕೆಯೊಂದರಲ್ಲಿ ಜೆಫರ್ಸನ್ ತನ್ನ ತಂದೆ ಎಂದು ವಿವರವಾಗಿ ಹೇಳಿದರು. ಜೆಫರ್ಸನ್ ಅವರ ಮೊಮ್ಮಕ್ಕಳು ಅದನ್ನು ತಳ್ಳಿಹಾಕಿ, ಬೇರೆ ಸಂಬಂಧಿಕರತ್ತ ಬೆರಳು ತೋರಿಸಿದ್ದರು.

ನೂರು ವರ್ಷ ಇತಿಹಾಸಕಾರರು ಮೊಮ್ಮಕ್ಕಳ ಮಾತು ನಂಬಿದರು. 1948ರಿಂದ 1981ರವರೆಗೆ ಆರು ಸಂಪುಟ ಬರೆದ ಡ್ಯೂಮಸ್ ಮಲೋನ್, ಜೆಫರ್ಸನ್ ಬಗ್ಗೆ ಅವರಷ್ಟು ತಿಳಿದವರು ಯಾರೂ ಇರಲಿಲ್ಲ, ಈ ಮಾತನ್ನು ಒಪ್ಪಲೇ ಇಲ್ಲ. 1974ರಲ್ಲಿ ಫಾನ್ ಬ್ರೋಡಿ ಒಪ್ಪಿ ಬರೆದಾಗ ಟೀಕೆ ಸುರಿಯಿತು. 1997ರಲ್ಲಿ ಕಾನೂನು ಪ್ರಾಧ್ಯಾಪಕಿ ಆ್ಯನೆಟ್ ಗಾರ್ಡನ್-ರೀಡ್ ಒಂದು ಸರಳ ಕೆಲಸ ಮಾಡಿದರು. ಎರಡೂ ಕಡೆಯ ಸಾಕ್ಷಿಗಳನ್ನು ನ್ಯಾಯಾಲಯದಲ್ಲಿ ಇಡುವ ಹಾಗೆ ಎದುರು ಬದುರು ಇಟ್ಟು, ಬಿಳಿಯ ಮೊಮ್ಮಕ್ಕಳ ಮಾತಿಗೆ ಕೊಟ್ಟ ತೂಕವನ್ನು ಕರಿಯ ಮಗನ ಮಾತಿಗೆ ಯಾಕೆ ಕೊಡಲಿಲ್ಲ ಎಂದು ಕೇಳಿದರು. ಮರುವರ್ಷ, 1998ರಲ್ಲಿ, ಜೆಫರ್ಸನ್ ವಂಶದ ಗಂಡುಸಾಲಿನ ಡಿಎನ್‌ಎ ಸ್ಯಾಲಿಯ ಕಿರಿಯ ಮಗ ಎಸ್ಟನ್‌ನ ವಂಶಸ್ಥರೊಬ್ಬರ ಡಿಎನ್‌ಎ ಜೊತೆ ಹೊಂದಿತು. ಮೊಮ್ಮಕ್ಕಳು ಬೆರಳು ತೋರಿಸಿದ್ದ ಸಂಬಂಧಿಕರದ್ದು ಹೊಂದಲಿಲ್ಲ. 2000ದಲ್ಲಿ ಜೆಫರ್ಸನ್ ಅವರ ಮನೆ ಮಾಂಟಿಚೆಲೊವನ್ನು ನಡೆಸುವ ಪ್ರತಿಷ್ಠಾನವೂ ಜೆಫರ್ಸನ್ ತಂದೆಯಾಗಿರುವ ಸಂಭವವೇ ಬಲವಾಗಿದೆ ಎಂದು ಒಪ್ಪಿತು. ಗಾರ್ಡನ್-ರೀಡ್ ಆ ಇಡೀ ಕುಟುಂಬದ ಬದುಕನ್ನು ಬರೆದ ‘ದಿ ಹೆಮಿಂಗ್ಸಸ್ ಆಫ್ ಮಾಂಟಿಚೆಲೊ’ 2009ರಲ್ಲಿ ಪುಲಿಟ್ಜರ್ ಪಡೆಯಿತು.

ಇಲ್ಲಿ ಗಮನಿಸಬೇಕಾದ್ದು, ಡಿಎನ್‌ಎ ಬರುವ ಮೊದಲೇ ಸಾಕ್ಷಿ ಕಣ್ಣೆದುರೇ ಇತ್ತು. ದಾಖಲೆ ಸಿಗದೆ ಆದ ತಪ್ಪು ಇದಲ್ಲ, ಯಾರ ಮಾತು ಸಾಕ್ಷಿ ಎನ್ನಿಸಿಕೊಳ್ಳುತ್ತದೆ ಎಂಬಲ್ಲಿ ಆದ ತಪ್ಪು. ಆದ್ದರಿಂದ ಜೆಫರ್ಸನ್ ಚರಿತ್ರೆ ಕೈಗೆತ್ತಿಕೊಂಡರೆ ಮ್ಯಾಡಿಸನ್ ಹೆಮಿಂಗ್ಸ್ ಹೆಸರು ಹುಡುಕಿ. ವಾಷಿಂಗ್ಟನ್ ಆದರೆ, 1796ರಲ್ಲಿ ಫಿಲಡೆಲ್ಫಿಯಾದ ಅವರ ಮನೆಯಿಂದ ಓಡಿಹೋಗಿ ಸ್ವತಂತ್ರಳಾದ ಓನಾ ಜಡ್ಜ್. ಆ್ಯಂಡ್ರೂ ಜಾಕ್ಸನ್ ಆದರೆ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸುವ 1830ರ ಕಾಯ್ದೆ ಮತ್ತು ಅವರಲ್ಲಿ ಚೆರೋಕಿ ಜನರನ್ನು ನೆಲದಿಂದ ಹೊರಗಟ್ಟಿದ್ದು. ವುಡ್ರೋ ವಿಲ್ಸನ್ ಆದರೆ ಸರ್ಕಾರಿ ಕಚೇರಿಗಳಲ್ಲಿ ಕರಿಯ ನೌಕರರನ್ನು ಬೇರೆ ಕೂರಿಸಿದ್ದು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಆದರೆ 1942ರ ಫೆಬ್ರವರಿಯ ಆದೇಶ 9066, ಅದರಿಂದ ಸುಮಾರು 1,20,000 ಜಪಾನಿ ಮೂಲದವರು ಶಿಬಿರ ಸೇರಿದ್ದು. ಒಂದು ಪ್ಯಾರಾದಲ್ಲಿ ‘ಆ ಕಾಲವೇ ಹಾಗಿತ್ತು’ ಎಂದು ಮುಗಿಸಿದ್ದರೆ ಬೇರೆ ಪುಸ್ತಕ ನೋಡಿ. ಆ ಕಾಲದಲ್ಲೇ ಅದನ್ನು ವಿರೋಧಿಸಿದವರು ಇದ್ದರು. ಒಳ್ಳೆಯ ಲೇಖಕರು ಅವರ ಮಾತನ್ನೂ ಕೇಳಿಸುತ್ತಾರೆ.

ಬರೀ ಬೈಯುವ ಪುಸ್ತಕಕ್ಕೂ ಇದೇ ಪರೀಕ್ಷೆ, ತಿರುಗಿಸಿ ಮಾಡಿ. ನಿಕ್ಸನ್ ಬಗ್ಗೆ ಕಟುವಾಗಿ ಬರೆದವರು 1972ರ ಚೀನಾ ಭೇಟಿಗೆ ಎಷ್ಟು ಜಾಗ ಕೊಟ್ಟಿದ್ದಾರೆ?

ಒಂದೇ ದಿನವನ್ನು ಎರಡು ಪುಸ್ತಕಗಳಲ್ಲಿ ಓದಿ

ಎರಡು ಪುಸ್ತಕಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಮೊದಲ ಅಧ್ಯಾಯಗಳನ್ನು ಹೋಲಿಸಬೇಡಿ, ಹುಟ್ಟಿದ ಊರು, ಅಜ್ಜ ಮುತ್ತಜ್ಜಂದಿರ ವಿವರ ಎಲ್ಲರದ್ದೂ ಒಂದೇ ಥರ. ನಡುವಿನ ಒಂದು ದಿನ ಹಿಡಿಯಿರಿ. ಲಿಂಕನ್ ಆದರೆ 1862ರ ಜುಲೈ 22. ಅಂದು ಗುಲಾಮರ ವಿಮೋಚನೆಯ ಘೋಷಣೆಯ ಕರಡನ್ನು ಅವರು ಮಂತ್ರಿಗಳ ಮುಂದೆ ಓದಿದರು. ಯುದ್ಧದಲ್ಲಿ ಸೋಲುತ್ತಿರುವಾಗ ಹೊರಡಿಸಿದರೆ ದಿಕ್ಕೆಟ್ಟವರ ಕೂಗಿನಂತೆ ಕೇಳುತ್ತದೆ, ಒಂದು ಗೆಲುವು ಬರುವವರೆಗೆ ಕಾಯೋಣ ಎಂದು ವಿದೇಶಾಂಗ ಮಂತ್ರಿ ಸಿವರ್ಡ್ ಹೇಳಿದರು. ಸೆಪ್ಟೆಂಬರ್ 17ರಂದು ಗೆಲುವೆನ್ನಬಹುದಾದ ಆ್ಯಂಟೀಟಮ್ ಕದನ ನಡೆಯಿತು, 22ಕ್ಕೆ ಘೋಷಣೆ ಹೊರಬಿತ್ತು.

ಆ ಕೋಣೆಯಲ್ಲಿ ನಡೆದದ್ದು ನಮಗೆ ಗೊತ್ತಾಗಿರುವುದು ಹಣಕಾಸು ಮಂತ್ರಿ ಚೇಸ್ ಅವರ ದಿನಚರಿ, ಯುದ್ಧಮಂತ್ರಿ ಸ್ಟ್ಯಾಂಟನ್ ಗೀಚಿಕೊಂಡ ಟಿಪ್ಪಣಿ, ಎರಡು ವರ್ಷದ ನಂತರ ಲಿಂಕನ್ ಹೇಳಿದ್ದನ್ನು ಕೇಳಿ ಬರೆದ ಚಿತ್ರಕಾರ ಕಾರ್ಪೆಂಟರ್ ಅವರ ನೆನಪು, ಇಂಥವುಗಳಿಂದ. ಲೇಖಕರು ಯಾವುದನ್ನು ಎಲ್ಲಿ ಬಳಸಿದ್ದಾರೆ ಎಂದು ಹೇಳುತ್ತಾರೆಯೇ, ಅಥವಾ ತಾವೇ ಬಾಗಿಲ ಸಂದಿಯಿಂದ ನೋಡಿದವರಂತೆ ಬರೆಯುತ್ತಾರೆಯೇ? ಡೊನಾಲ್ಡ್ ಅವರ ಲಿಂಕನ್ ಘಟನೆಗಳು ತನ್ನತ್ತ ಬರಲಿ ಎಂದು ಕಾಯುವ ಮನುಷ್ಯ. ಗುಡ್‌ವಿನ್ ಅವರ ಲಿಂಕನ್ ಒಬ್ಬೊಬ್ಬ ಮಂತ್ರಿಯ ಮನಸ್ಸನ್ನೂ ಅಳೆದು ನಡೆಸುವ ನಾಯಕ. ಅದೇ ಕೋಣೆ, ಅದೇ ಜನ. ಎರಡನ್ನೂ ಓದಿದರೆ ನಿಮಗೆ ಯಾರ ಜೊತೆ 700 ಪುಟ ನಡೆಯಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಈ ಹೊತ್ತಿಗೆ ಕೊನೆಯ ಟಿಪ್ಪಣಿಗಳ ಪುಟಗಳನ್ನೂ ತಿರುವಿ. ಪತ್ರ, ದಿನಚರಿ, ಪತ್ರಿಕೆ, ಸಂದರ್ಶನ ಕಾಣಿಸಿದರೆ ಒಳ್ಳೆಯದು. ಬರೀ ಬೇರೆ ಜೀವನಚರಿತ್ರೆಗಳ ಹೆಸರೇ ಇದ್ದರೆ ಅದು ಸಾರಾಂಶದ ಪುಸ್ತಕ. ಉದ್ಧರಣೆ ಚಿಹ್ನೆಯೊಳಗಿನ ಸಂಭಾಷಣೆ ಎಲ್ಲಿಂದ ಬಂತು ಎಂಬುದನ್ನು ಎರಡು ಮೂರು ಕಡೆ ಹಿಡಿದು ನೋಡಿ. ಲಿಂಕನ್ ಆಡಿದರೆಂದು ಜನ ನೆನಪಿನಿಂದ ಹೇಳಿದ ಮಾತುಗಳನ್ನೆಲ್ಲ ಡಾನ್ ಮತ್ತು ವರ್ಜೀನಿಯಾ ಫೆರೆನ್‌ಬೇಕರ್ ದಂಪತಿ 1996ರಲ್ಲಿ ಒಟ್ಟುಮಾಡಿ, ನಂಬಿಕೆಗೆ ಎಷ್ಟು ಅರ್ಹ ಎಂದು ಎ ಯಿಂದ ಇ ವರೆಗೆ ದರ್ಜೆ ಹಾಕಿದ್ದಾರೆ. ಅಷ್ಟು ಎಚ್ಚರ ಬೇಕಾಗುವ ಕ್ಷೇತ್ರ ಇದು.

ಪ್ರಶಸ್ತಿ, ಗಾತ್ರ, ಆತ್ಮಕಥೆ

ಪುಲಿಟ್ಜರ್ ಮುದ್ರೆ ಒಳ್ಳೆಯ ಸುಳಿವು, ಅಷ್ಟೇ. ಯುಲಿಸಿಸ್ ಗ್ರ್ಯಾಂಟ್ ಬಗ್ಗೆ ವಿಲಿಯಂ ಮೆಕ್‌ಫೀಲಿ ಬರೆದ ಪುಸ್ತಕಕ್ಕೆ 1982ರಲ್ಲಿ ಅದು ಬಂತು. ಅದರ ಗ್ರ್ಯಾಂಟ್ ಸಣ್ಣ ಮನುಷ್ಯ. ಆಮೇಲೆ ಬರೆದ ಜೀನ್ ಎಡ್ವರ್ಡ್ ಸ್ಮಿತ್ (2001), ರೊನಾಲ್ಡ್ ವೈಟ್ (2016), ರಾನ್ ಚೆರ್ನೋ (2017), ದಕ್ಷಿಣದಲ್ಲಿ ಕರಿಯರ ಮತದ ಹಕ್ಕಿಗಾಗಿ, ಅವರನ್ನು ಹಿಂಸಿಸುತ್ತಿದ್ದ ಬಿಳಿಯರ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್ ವಿರುದ್ಧ ಆ ಅಧ್ಯಕ್ಷರು ಸೈನ್ಯ, ನ್ಯಾಯಾಲಯ ಎರಡನ್ನೂ ಬಳಸಿದ್ದಕ್ಕೆ ತಕ್ಕ ಜಾಗ ಕೊಟ್ಟರು. ಗ್ರ್ಯಾಂಟ್ ಅವರ ಆತ್ಮಕಥೆ ಅಧ್ಯಕ್ಷರು ಬರೆದವುಗಳಲ್ಲೆಲ್ಲ ಶ್ರೇಷ್ಠ ಎನ್ನುವವರ ಜೊತೆ ನಾನೂ ಇದ್ದೇನೆ. ಗಂಟಲು ಕ್ಯಾನ್ಸರ್‌ನಲ್ಲಿ ನರಳುತ್ತ ಬರೆದು, 1885ರ ಜುಲೈನಲ್ಲಿ ಮುಗಿಸಿ, ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಮಾರ್ಕ್ ಟ್ವೇನ್ ಅವರ ಪ್ರಕಾಶನ ಸಂಸ್ಥೆ ಅದನ್ನು ಹೊರತಂದಿತು. ಆದರೆ ಅದು ಅವರು ಸೇನಾಪತಿಯಾಗಿದ್ದ ಅಂತರ್ಯುದ್ಧದೊಂದಿಗೆ ಮುಗಿಯುತ್ತದೆ, ಅಧ್ಯಕ್ಷರಾಗಿದ್ದ ಎಂಟು ವರ್ಷಗಳ ಕಥೆ ಅದರಲ್ಲಿಲ್ಲ. ಯಾವುದೇ ಆತ್ಮಕಥೆ ಕೊಳ್ಳುವಾಗ ಯಾವ ವರ್ಷಕ್ಕೆ ನಿಲ್ಲುತ್ತದೆ ಎಂದು ನೋಡಿ. ಒಬಾಮ ಅವರ ‘ಎ ಪ್ರಾಮಿಸ್ಡ್ ಲ್ಯಾಂಡ್’ (2020) ಕೂಡ 2011ರ ಮೇ ತಿಂಗಳಿಗೆ ನಿಲ್ಲುತ್ತದೆ.

ದಪ್ಪ ಪುಸ್ತಕಕ್ಕೆ ಹೆದರಿಕೆಯಿದ್ದರೆ ‘ದಿ ಅಮೆರಿಕನ್ ಪ್ರೆಸಿಡೆಂಟ್ಸ್’ ಮಾಲೆಯಲ್ಲಿ ಒಬ್ಬೊಬ್ಬರಿಗೆ 150ರಿಂದ 200 ಪುಟದ ಪುಸ್ತಕಗಳಿವೆ. ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಸೆಂಟರ್ ತಾಣದಲ್ಲಿ ಪ್ರತಿ ಅಧ್ಯಕ್ಷರ ಬಗ್ಗೆ ತಜ್ಞರ ಉಚಿತ ಲೇಖನಗಳಿವೆ. ಒಂದು ಸಂಜೆ ಅವನ್ನು ಓದಿ, ಆಮೇಲೆ ದೊಡ್ಡ ಪುಸ್ತಕಕ್ಕೆ ಕೈಹಾಕಿ.

ಎಲ್ಲಿ ಸಿಗುತ್ತವೆ

ಗ್ರ್ಯಾಂಟ್ ಆತ್ಮಕಥೆಯಂಥ ಹಳೆಯವು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. ಇಂಟರ್ನೆಟ್ ಆರ್ಕೈವ್‌ನಲ್ಲಿ ಅನೇಕ ಪುಸ್ತಕಗಳನ್ನು ಎರವಲು ಪಡೆಯಬಹುದು, ಪದಸೂಚಿ ಪರೀಕ್ಷೆಗೆ ಅದಷ್ಟೇ ಸಾಕು. ಬೆಂಗಳೂರಿನವರಿಗೆ ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದಂಗಡಿಗಳಿವೆ, ಇಂಥ ದಪ್ಪ ಪುಸ್ತಕಗಳು ಅಲ್ಲಿ ಅಗ್ಗಕ್ಕೆ ಸಿಗುವುದುಂಟು. ಅಮೆರಿಕದಲ್ಲಿರುವ ಕನ್ನಡಿಗರು ಕೊಳ್ಳುವ ಗೋಜಿಗೇ ಹೋಗಬೇಕಿಲ್ಲ, ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಇಲ್ಲದ್ದನ್ನು ಬೇರೆ ಗ್ರಂಥಾಲಯದಿಂದ ತರಿಸಿಕೊಡುತ್ತಾರೆ. ಕನ್ನಡದಲ್ಲಿ ಬಂದ ಜೀವನಚರಿತ್ರೆ ಕೊಳ್ಳುವುದಾದರೆ, ಯಾವ ಮೂಲದಿಂದ ಬರೆದದ್ದು ಎಂದು ಲೇಖಕರು ಮುನ್ನುಡಿಯಲ್ಲಿ ಹೇಳಿದ್ದಾರೆಯೇ ನೋಡಿ.

ಇನ್ನೂ ಗೊಂದಲವಿದ್ದರೆ

ಒಂದೇ ಹೆಸರು ಹೇಳಿ ಎಂದರೆ ನಾನು ರಾಬರ್ಟ್ ಕಾರೊ ಅವರ ಲಿಂಡನ್ ಜಾನ್ಸನ್ ಚರಿತ್ರೆಯ ಮೊದಲ ಸಂಪುಟ ‘ದಿ ಪಾತ್ ಟು ಪವರ್’ (1982) ಹೇಳುತ್ತೇನೆ. ಜಾನ್ಸನ್ ಬೆಳೆದ ಟೆಕ್ಸಸ್‌ನ ಗುಡ್ಡನಾಡನ್ನು ಅರಿಯಲು ಕಾರೊ ಹೆಂಡತಿಯೊಡನೆ ಅಲ್ಲಿಗೇ ಹೋಗಿ ಕೆಲವು ವರ್ಷ ವಾಸ ಮಾಡಿದರು. ಅಲ್ಲಿನ ಹೆಂಗಸರು ಕರೆಂಟಿಲ್ಲದ ಕಾಲದಲ್ಲಿ ಬಾವಿಯಿಂದ ನೀರು ಸೇದಿ, ಹೊತ್ತು, ಒಲೆಯ ಮೇಲೆ ಕಾಸಿದ ಇಸ್ತ್ರಿಪೆಟ್ಟಿಗೆ ಹಿಡಿದು ಬಟ್ಟೆ ತೀಡುತ್ತಿದ್ದುದನ್ನು ಹೇಳುವ ಅಧ್ಯಾಯವನ್ನು ಮೊದಲು ಓದಿ. ತರುಣ ಕಾಂಗ್ರೆಸ್ ಸದಸ್ಯ ಜಾನ್ಸನ್ ಆ ಮನೆಗಳಿಗೆ ದೀಪ ತಂದದ್ದಕ್ಕೆ ಅವರು ಅವನನ್ನು ಯಾಕೆ ಮರೆಯಲಿಲ್ಲ ಎಂಬುದು ಅಲ್ಲಿ ಅರ್ಥವಾಗುತ್ತದೆ. ಎರಡನೆಯ ಸಂಪುಟದಲ್ಲಿ ಅದೇ ಜಾನ್ಸನ್ 1948ರ ಸೆನೆಟ್ ಟಿಕೆಟ್ ಅನ್ನು 87 ಮತಗಳಿಂದ ಕದ್ದ ಕಥೆಯಿದೆ. ಮತಗಟ್ಟೆ ನೋಡಿಕೊಂಡಿದ್ದ ಲೂಯಿಸ್ ಸಾಲಾಸ್ ಎಂಬ ಮುದುಕನನ್ನು ಕಾರೊ ಹುಡುಕಿ ಹೋಗಿ, ಅವನು ಬರೆದಿಟ್ಟಿದ್ದ ಹಸ್ತಪ್ರತಿಯನ್ನೇ ಪಡೆದರು.

ಕಾರೊ ಅವರಿಗೂ ಪಕ್ಷಪಾತವಿದೆ. ಆ ಚುನಾವಣೆಯಲ್ಲಿ ಸೋತ ಕೋಕ್ ಸ್ಟೀವನ್ಸನ್ ಅವರನ್ನು ಅತಿ ಒಳ್ಳೆಯವರಂತೆ ತೋರಿಸಿದ್ದಾರೆ ಎಂಬ ಆಕ್ಷೇಪ ಪುಸ್ತಕ ಬಂದಾಗಲೇ ಎದ್ದಿತ್ತು, ನನಗೂ ಅದು ಸರಿಯೆನ್ನಿಸುತ್ತದೆ. 2012ರಲ್ಲಿ ಬಂದ ನಾಲ್ಕನೆಯ ಸಂಪುಟ ಜಾನ್ಸನ್ ಅಧ್ಯಕ್ಷರಾದ ಮೊದಲ ತಿಂಗಳುಗಳಿಗೆ ನಿಲ್ಲುತ್ತದೆ. ಹಾಗಾಗಿ ವಿಯೆಟ್ನಾಂ ಯುದ್ಧದ ವರ್ಷಗಳಿಗೆ ರಾಬರ್ಟ್ ಡ್ಯಾಲೆಕ್ ಅವರ ‘ಫ್ಲಾಡ್ ಜೈಂಟ್’ (1998) ಜೊತೆಗಿಟ್ಟುಕೊಳ್ಳಿ.